ಇಪ್ಪತ್ತಮೂರು ಇಪ್ಪತ್ನಾಲ್ಕಲಿ ಐನೂರ ಐವತ್ತೆರಡು

ಪ್ರೌಢಶಾಲೆಗಳ ಸಾಮಾನ್ಯ ಪರೀಕ್ಷಾ ಸಮಿತಿಯ ಕಾರ್ಯದರ್ಶಿಗಳಿಗೆ, ಎಲ್ಲರೂ ಓದಲೆಂದು ಬರೆದದ್ದು

ಪುತ್ತೂರು, 2 ಆಗಸ್ಟ್ 1983

ಮಾನ್ಯರೇ,

ಇಪ್ಪತ್ತಮೂರನ್ನು ಇಪ್ಪತ್ತನಾಲ್ಕರಿಂದ ಗುಣಿಸಿದರೆ ಐನೂರ ಐವತ್ತೆರಡು ಬರುತ್ತದೆ. ಇಷ್ಟನ್ನು ಒಪ್ಪಿಕೊಳ್ಳಲು ನಿಮ್ಮ ಕಚೇರಿ ನಾಲ್ಕು ತಿಂಗಳಿಂದ ತಯಾರಿಲ್ಲ. ಕಳೆದ ಮಾರ್ಚ್ ಕೊನೆಯಲ್ಲಿ ತಾವು ನಡೆಸಿದ ಒಂಬತ್ತನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೂರನೇ ಪ್ರಶ್ನೆ 23 × 24 ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ಓದಿ 552 ಎಂದು ಬರೆದ ಮಕ್ಕಳಿಗೆ ಸೊನ್ನೆ ಸಿಕ್ಕಿತು. ಅಚ್ಚಾಗದೆ ಇದ್ದದ್ದನ್ನು ಊಹಿಸಿ 128 ಎಂದು ಬರೆದವರಿಗೆ ಎರಡು ಅಂಕ ಸಿಕ್ಕಿತು. ಇಂಥ ಐದು ಪ್ರಶ್ನೆಗಳು ಆ ಪತ್ರಿಕೆಯಲ್ಲಿದ್ದವು, ಒಟ್ಟು ಹದಿನಾಲ್ಕು ಅಂಕ. ಇದಕ್ಕೆಲ್ಲ ಕಾರಣ "ಬೆರಳಚ್ಚುಗಾರ್ತಿಯ ಅಜಾಗರೂಕತೆ" ಎಂದು ಜೂನ್ ಹತ್ತರಂದು ಸೂಚನಾಪತ್ರ ಹೊರಡಿಸಿ, ಫಲಿತಾಂಶದಲ್ಲಿ ಯಾವ ಬದಲಾವಣೆಯೂ ಇಲ್ಲವೆಂದು ತಾವು ಕಡತ ಮುಚ್ಚಿದ್ದೀರಿ.

ಆ ಬೆರಳಚ್ಚುಗಾರ್ತಿ ನಾನು. ಕಡತ ಮುಚ್ಚಿಲ್ಲ ಎಂದು ತಿಳಿಸಲು ಈ ಪತ್ರ.

ನನ್ನ ಹೆಸರು ದಮಯಂತಿ. ಹುಟ್ಟೂರು ಸುಳ್ಯದ ಆಲೆಟ್ಟಿ. ಹದಿಮೂರು ವರ್ಷಗಳಿಂದ ಪುತ್ತೂರು ಬಸ್ ನಿಲ್ದಾಣದ ಹತ್ತಿರದ ಒಂದು ಮಹಡಿಯಲ್ಲಿ ಟೈಪಿಂಗ್ ಕಲಿಸುತ್ತೇನೆ, ಹೊರಗಿನವರ ಕಾಗದಪತ್ರವನ್ನೂ ಟೈಪು ಮಾಡಿಕೊಡುತ್ತೇನೆ. ವಕೀಲರ ಅರ್ಜಿ, ಸೊಸೈಟಿಯ ವರದಿ, ಕೊಯಿಲದ ಜಾನುವಾರು ಫಾರ್ಮಿನ ಹೋರಿಗಳ ವಂಶಾವಳಿ, ಎಲ್ಲವೂ ನನ್ನ ಬೆರಳಿನ ಕೆಳಗೆ ಹಾದುಹೋಗಿವೆ. ಆದರೆ ಇದ್ದ ಕೆಲಸಗಳಲ್ಲಿ ಅತ್ಯಂತ ಕಷ್ಟದ್ದು ಯಾವುದೆಂದು ಕೇಳಿದರೆ ಗಣಿತದ ಪ್ರಶ್ನೆಪತ್ರಿಕೆ ಎಂದು ನಿದ್ದೆಯಲ್ಲಿಯೂ ಹೇಳಿಯೇನು. ತಾವು ಗಣಿತ ಪತ್ರಿಕೆಗಳಿಗೆ ಬಹಳಷ್ಟು ಸಹಿ ಹಾಕಿದ್ದೀರಿ. ಒಂದಾದರೂ ಹೇಗೆ ಹುಟ್ಟುತ್ತದೆಂದು ನೋಡಿದ್ದೀರೋ ಇಲ್ಲವೋ ಎಂಬ ಸಂಶಯದಿಂದ ಸ್ವಲ್ಪ ವಿವರಿಸುತ್ತೇನೆ.

ಮೇಣ ಸವರಿದ ತೆಳು ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪು ಮಾಡಬೇಕು. ಅಕ್ಷರ ಬಿದ್ದಲ್ಲಿ ಮೇಣ ಬಿಟ್ಟುಕೊಂಡು ತೂತಾಗುತ್ತದೆ, ಆಮೇಲೆ ಆ ತೂತಿನ ಮೂಲಕ ಶಾಯಿ ಇಳಿದು ಪ್ರತಿಗಳು ಬರುತ್ತವೆ. ಮೊದಲು ಕನ್ನಡದ ಯಂತ್ರ. ಅದರಲ್ಲಿ "ಬಿಡಿಸಿರಿ", "ಸುಲಭ ರೂಪಕ್ಕೆ ತನ್ನಿ" ಎಂಬುದೆಲ್ಲ ಉಂಟು, x ಇಲ್ಲ, y ಇಲ್ಲ. ಎಷ್ಟು ಜಾಗ ಬೇಕೆಂದು ಎಣಿಸಿ ಅಷ್ಟು ಖಾಲಿ ಬಿಟ್ಟು, ಹಾಳೆಯನ್ನು ತೆಗೆದು ಇಂಗ್ಲಿಷ್ ಯಂತ್ರಕ್ಕೆ ಹಾಕಬೇಕು. ಕೂದಲೆಳೆಯಷ್ಟು ಓರೆಯಾದರೆ x ಹೋಗಿ ಮೇಲಿನ ಸಾಲಿನ ಕಾಲಿಗೆ ತಾಗುತ್ತದೆ. ನನ್ನ ಇಂಗ್ಲಿಷ್ ಯಂತ್ರ ಹಳೆಯದು, ಅದರಲ್ಲಿ ಭಾಗಿಸುವ ಚಿಹ್ನೆ ಇಲ್ಲ. ಅಡ್ಡಗೆರೆ ಹೊಡೆದು, ಒಂದು ಸ್ಥಾನ ಹಿಂದೆ ಬಂದು, ಅದರ ಮೇಲೆಯೇ ಎರಡು ಚುಕ್ಕಿಯ ಕೀಲಿ ಒತ್ತಿದರೆ ಭಾಗಾಕಾರ ಆಗುತ್ತದೆ. 2ರ ತಲೆಯ ಮೇಲೆ ಪುಟ್ಟ 3 ಬೇಕಾದರೆ ರೋಲರನ್ನು ಅದರ ಹಲ್ಲುಗಾಲಿಯ ಅರ್ಧ ಹಲ್ಲಿನಷ್ಟು ಕೆಳಗೆ ತಿರುಗಿಸಿ 3 ಹೊಡೆದು, ಉಸಿರು ಬಿಗಿಹಿಡಿದು ಮತ್ತೆ ಅದೇ ಸಾಲಿಗೆ ತರಬೇಕು. ವರ್ಗಮೂಲದ √, ವೃತ್ತದ π, ಕೋನದ θ, ಇವು ಯಾವ ಯಂತ್ರದಲ್ಲಿಯೂ ಇಲ್ಲ. ಅವನ್ನು ಕೊನೆಗೆ ಉಕ್ಕಿನ ಮೊನೆಯ ಪೆನ್ನಿನಿಂದ ಕೈಯಲ್ಲೇ ಕೊರೆಯಬೇಕು. ಮೆಲ್ಲ ಒತ್ತಿದರೆ ಶಾಯಿ ಇಳಿಯುವುದಿಲ್ಲ, ಜೋರು ಒತ್ತಿದರೆ ಹಾಳೆ ಹರಿದು ಬೆಳಗ್ಗಿನಿಂದ ಮಾಡಿದ್ದೆಲ್ಲ ವ್ಯರ್ಥ.

ಇದನ್ನು ನನಗೆ ಕಲಿಸಿದವರು ಕಡಬದ ಗಣಿತ ಅಧ್ಯಾಪಕರಾದ ಯಜ್ಞೇಶ್ವರ ಮಾಸ್ಟ್ರು. 1974ರಲ್ಲಿ ಅವರು ಮೊದಲ ಸಲ ಪ್ರಶ್ನೆಪತ್ರಿಕೆ ತಂದಾಗ ನನಗೆ ಆ ಮೇಲಿನ ಪುಟ್ಟ ಅಂಕಿಗಳು ಏನೆಂದು ಗೊತ್ತಿರಲಿಲ್ಲ. ಮಾಸ್ಟ್ರು ಚೆಂದಕ್ಕೆ ಬರೆದದ್ದೆಂದು ತಿಳಿದು ಎಲ್ಲವನ್ನೂ ಒಂದೇ ಸಾಲಿಗೆ ಇಳಿಸಿಬಿಟ್ಟೆ. ಅವರು ನೋಡಿ ಸಿಟ್ಟು ಮಾಡಲಿಲ್ಲ. ಎದುರಿನ ಬೆಂಚಿನಲ್ಲಿ ಕೂತು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. "ನೋಡಿ ದಮಯಂತಿಯವರೆ, 2ರ ತಲೆಯ ಮೇಲೆ 3 ಕೂತರೆ ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ಅದೇ 3 ಕೆಳಗೆ ಇಳಿದು ಪಕ್ಕದಲ್ಲಿ ಕೂತರೆ ಇಪ್ಪತ್ತಮೂರು. ಅರ್ಧ ಹಲ್ಲಿನ ವ್ಯತ್ಯಾಸ ಅಷ್ಟೆ, ಆದರೆ ಎಂಟು ಎಲ್ಲಿ, ಇಪ್ಪತ್ತಮೂರು ಎಲ್ಲಿ?" ಅಂದಿನಿಂದ ಅರ್ಥ ತಿಳಿಯದ ಚಿಹ್ನೆಯನ್ನು ನಾನು ಟೈಪು ಮಾಡಿಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಮಾಸ್ಟ್ರನ್ನು ಕೇಳಿ ಕೇಳಿ, ಒಂಬತ್ತು ವರ್ಷಗಳಲ್ಲಿ ಪ್ರೌಢಶಾಲೆಯ ಗಣಿತವನ್ನೆಲ್ಲ ಟೈಪಿಂಗ್ ಮೇಜಿನಲ್ಲೇ ಕಲಿತೆ. ಆ ಒಂಬತ್ತು ವರ್ಷ ನಿಮ್ಮ ಸಮಿತಿಯ ಗಣಿತ ಪತ್ರಿಕೆಗಳೆಲ್ಲ ನನ್ನಲ್ಲಿಯೇ ತಯಾರಾದವು, ಒಂದು ದೂರೂ ಬರಲಿಲ್ಲ.

ಆಮೇಲೆ ತಾವು ಬಂದಿರಿ. ಈ ವರ್ಷದ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು ಹದಿನೈದು ದಿನ ಕಳೆಯುವುದರೊಳಗೆ ಸುತ್ತೋಲೆ ಕಳಿಸಿದಿರಿ. ಪ್ರಶ್ನೆಪತ್ರಿಕೆ ಸಂಪೂರ್ಣವಾಗಿ ಯಂತ್ರದಿಂದಲೇ ಬೆರಳಚ್ಚು ಆಗತಕ್ಕದ್ದು. ಯಾವುದೇ ವಿಧದ ಕೈಬರಹ ಇರತಕ್ಕದ್ದಲ್ಲ. ಸಾಲುಗಳು ಸಮವಾಗಿರತಕ್ಕದ್ದು, ಅಕ್ಷರಗಳು ಸಾಲಿನಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿದಿರತಕ್ಕದ್ದಲ್ಲ. ಕಾರಣ, ಪರೀಕ್ಷೆಯ ಘನತೆ ಮತ್ತು ಗೌಪ್ಯತೆ. ಕೈಬರಹ ಇದ್ದರೆ ಪತ್ರಿಕೆ ತಯಾರಿಸಿದವರು ಯಾರೆಂದು ಗುರುತಾಗಬಹುದಂತೆ. ಒಂದು ವರ್ಗಮೂಲದ ಗೆರೆ ನೋಡಿ ಅದು ಕಡಬದ ಮಾಸ್ಟ್ರದ್ದೋ ಪುತ್ತೂರಿನ ದಮಯಂತಿಯದ್ದೋ ಎಂದು ಹೇಳಬಲ್ಲ ಪತ್ತೇದಾರ ಮಕ್ಕಳು ನಮ್ಮ ಮೂರು ಊರುಗಳಲ್ಲಿ ಇದ್ದಾರೆಂದು ತಾವು ನಂಬಿದ್ದು ನಮ್ಮ ಭಾಗ್ಯ. ಅಂಥ ಮಕ್ಕಳಿಗೆ ಗಣಿತದ ಪರೀಕ್ಷೆ ಯಾಕೆ ಬೇಕು ಸ್ವಾಮಿ?

ಫೆಬ್ರವರಿಯ ಕೊನೆಯಲ್ಲಿ ನಾನು ಎಂದಿನಂತೆ ಸ್ಟೆನ್ಸಿಲ್ ತಯಾರಿಸಿ, ಲಕೋಟೆಯಲ್ಲಿ ಮೊಹರು ಮಾಡಿ ಕಳಿಸಿದೆ. ಎರಡು ದಿನದಲ್ಲಿ ಅದು ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ "ಕೈಬರಹ ಇದೆ. ಸಾಲು ಸಮವಿಲ್ಲ. ತಿರಸ್ಕೃತ" ಎಂದು ಬರೆದು ತಮ್ಮ ಚುಟುಕು ಸಹಿ ಇತ್ತು. ನಾನು ಲಕೋಟೆ ಹಿಡಿದು ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಬಹುದು, ಕುಳಿತುಕೊಳ್ಳಿ ಎಂದು ಹೇಳಲು ತಾವು ಮರೆತ ಹೆಂಗಸು. √ ಎಂಬುದು ಕೀಲಿಮಣೆಯಲ್ಲಿ ಇಲ್ಲ, ಕೈಯಲ್ಲಿ ಬರೆಯದೆ ಬೇರೆ ದಾರಿಯಿಲ್ಲ ಎಂದೆ. ಮೇಲಿನ ಅಂಕಿ ಕೆಳಗಿಳಿದರೆ ಪ್ರಶ್ನೆಯೇ ಬೇರೆಯಾಗುತ್ತದೆ ಎಂದೂ ಹೇಳಿದೆ. ತಾವು ತಲೆ ಎತ್ತಲಿಲ್ಲ.

"ಯಂತ್ರದಲ್ಲಿ ಇಲ್ಲದ್ದನ್ನು ಬಿಡಿ," ಎಂದಿರಿ. "ಬಿಟ್ಟದ್ದೆಲ್ಲಿ ಅಂತ ಒಂದು ಪಟ್ಟಿ ಕೊಡಿ. ಪರೀಕ್ಷೆಯ ದಿನ ಕೊಠಡಿಗಳಲ್ಲಿ ಓದಿ ಹೇಳಿಸುತ್ತೇವೆ. ನಿಮಗೆ ಆಗದಿದ್ದರೆ ಬೇರೆ ಜನ ಇದ್ದಾರೆ."

ಇಲ್ಲಿ ನಾನು ಒಂದು ಮಾತು ಬರೆಯಲೇಬೇಕು. ಈ ಪತ್ರ ಬರೆಯುತ್ತೇನೆಂದು ಹೇಳಿದಾಗ, ಕೊಯಿಲದ ಫಾರ್ಮಿನಲ್ಲಿ ಕೆಲಸ ಮಾಡುವ ನನ್ನ ಗಂಡ ಸುಂದರ ಹೇಳಿದ್ದು ಇಷ್ಟೇ: "ಬರಿ. ಆದರೆ ನೀನು ಮಾಡಿದ್ದನ್ನೂ ಬರಿ." ಹಾಗಾಗಿ ಬರೆಯುತ್ತಿದ್ದೇನೆ. ಅಂದು ನಾನು ಲಕೋಟೆಯನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಹೊರಗೆ ಬರಬೇಕಿತ್ತು. ಬರಲಿಲ್ಲ. ಬೇರೆ ಜನ ಇದ್ದಾರೆ ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಸಮಿತಿಯ ಕೆಲಸ ಹೋದರೆ ಊರಿನಲ್ಲಿ ನನ್ನ ಹೆಸರು ಹೋದ ಹಾಗೆ ಎಂದು ಹೆದರಿದೆ. ಮಹಡಿಗೆ ವಾಪಸು ಬಂದು ತಾವು ಹೇಳಿದಂತೆ ಹೊಸ ಸ್ಟೆನ್ಸಿಲ್ ಮಾಡಿದೆ. 2³ × 2⁴ ಎಂಬುದನ್ನು ನನ್ನ ಈ ಕೈಯಿಂದಲೇ 23 × 24 ಎಂದು ಹೊಡೆದೆ. ಅರ್ಥ ತಿಳಿಯದೆ 1974ರಲ್ಲಿ ಮಾಡಿದ ತಪ್ಪನ್ನು ಅರ್ಥ ಚೆನ್ನಾಗಿ ತಿಳಿದಿದ್ದೂ 1983ರಲ್ಲಿ ಮಾಡಿದೆ. ಐದು ಪ್ರಶ್ನೆಗಳಲ್ಲಿ ತಿದ್ದಬೇಕಾದ ಒಂಬತ್ತು ಜಾಗಗಳ ಪಟ್ಟಿಯನ್ನು ಕಾರ್ಬನ್ ಪ್ರತಿಯೊಂದಿಗೆ ತಯಾರಿಸಿ, ನಿಮ್ಮ ಕಚೇರಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮೊಹರು ಸಿಕ್ಕಿದ ಮೇಲೆ ನನ್ನ ಜವಾಬ್ದಾರಿ ಮುಗಿಯಿತೆಂದು ಸಮಾಧಾನ ಮಾಡಿಕೊಂಡೆ. ಅದು ಅಜಾಗರೂಕತೆಯಲ್ಲ ಸ್ವಾಮಿ, ಅದು ಹೇಡಿತನ. ನಿಮ್ಮ ಸೂಚನಾಪತ್ರದಲ್ಲಿ ಆ ಶಬ್ದ ಇದ್ದಿದ್ದರೆ ನಾನು ಮರುಮಾತಿಲ್ಲದೆ ಸಹಿ ಹಾಕುತ್ತಿದ್ದೆ.

ಆ ಪಟ್ಟಿಗೆ ಏನಾಯಿತೆಂದು ನಾನು ಆಮೇಲೆ ಒಂದೊಂದೇ ಶಾಲೆಗೆ ಹೋಗಿ ವಿಚಾರಿಸಿದ್ದೇನೆ. ಪುತ್ತೂರು ಪೇಟೆಯ ಕೇಂದ್ರದಲ್ಲಿ ಅದನ್ನು ಓದಿ ಹೇಳಿದರು. ಸುಳ್ಯದ ಕೇಂದ್ರಕ್ಕೆ ಅದು ಪರೀಕ್ಷೆ ಮುಗಿದು ಮರುದಿನ ಅಂಚೆಯಲ್ಲಿ ಬಂತು. ಕಡಬಕ್ಕೂ ಸವಣೂರಿಗೂ ಬರಲೇ ಇಲ್ಲ. ಕಡಬದಲ್ಲಿ ಯಜ್ಞೇಶ್ವರ ಮಾಸ್ಟ್ರೇ ಇದ್ದರಲ್ಲ ಎಂದು ತಾವು ಕೇಳಬಹುದು. ಪತ್ರಿಕೆ ತಯಾರಿಸಿದವರು ಪರೀಕ್ಷೆಯ ದಿನ ಕೇಂದ್ರದ ಹತ್ತಿರ ಸುಳಿಯಬಾರದೆಂಬ ನಿಯಮವೂ ತಮ್ಮದೇ. ಹೀಗೆ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ತರಗತಿಯ ಮಕ್ಕಳು ಎರಡು ಬೇರೆ ಬೇರೆ ಪರೀಕ್ಷೆ ಬರೆದರು. ಮೌಲ್ಯಮಾಪನ ಮಾತ್ರ ಒಂದೇ ಉತ್ತರಪಟ್ಟಿಯಿಂದ ನಡೆಯಿತು.

ಮೇ ತಿಂಗಳ ಮೊದಲ ವಾರ ಇಬ್ಬರು ನನ್ನ ಮಹಡಿ ಹತ್ತಿ ಬಂದರು. ತಾಯಿ ಕದೀಜಮ್ಮ, ಮಗಳು ನೆಬೀಸ. ಸವಣೂರಿನವರು. ಹುಡುಗಿಯ ತಂದೆ ಆದಂ ಕುಂಞಿ ದುಬಾಯಿಯಲ್ಲಿ ಒಂದು ಬೇಕರಿಯಲ್ಲಿದ್ದಾರೆ. ಇವರ ಹೆಸರುಗಳನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ, ಬರೆಯಲೇಬೇಕೆಂದು ಹೇಳಿದವಳು ಹುಡುಗಿಯೇ. ಮಗಳು ಟೈಪಿಂಗಿಗೆ ಸೇರಲು ಬಂದದ್ದೆಂದು ನಾನು ಹಾಜರಿ ಪುಸ್ತಕ ತೆಗೆದೆ. ಕದೀಜಮ್ಮ ಬೇಡವೆಂದು ಕೈ ಅಲ್ಲಾಡಿಸಿ, ಮಡಚಿದ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು. ಇದನ್ನು ಟೈಪು ಮಾಡಿದ್ದು ನೀವಾ ಎಂದು ತುಳುವಿನಲ್ಲಿ ಕೇಳಿದರು. ಹೌದೆಂದೆ.

ನೆಬೀಸ ತನ್ನ ಉತ್ತರಪತ್ರಿಕೆಯನ್ನು ಪಕ್ಕದಲ್ಲಿ ಇಟ್ಟಳು. ಗಣಿತದಲ್ಲಿ ಇಪ್ಪತ್ತೊಂಬತ್ತು. ಪಾಸಿಗೆ ಮೂವತ್ತೈದು ಬೇಕು. ಉಳಿದ ವಿಷಯಗಳಲ್ಲೆಲ್ಲ ಅವಳಿಗೆ ಅರವತ್ತರ ಮೇಲೆ ಬಂದಿದೆ. ಮೂರನೇ ಪ್ರಶ್ನೆಗೆ ಅವಳು 552 ಎಂದು ಬರೆದಿದ್ದಳು. ನಂಬಿಕೆ ಬಾರದೆ ಬದಿಯಲ್ಲಿ ಮತ್ತೆ ಎರಡು ಸಲ ಗುಣಿಸಿ ನೋಡಿದ್ದಳು, ಮೂರೂ ಸಲ 552. √ ಬಿಟ್ಟುಹೋದ ಏಳನೇ ಪ್ರಶ್ನೆ x + 7 = 5 ಎಂದು ಅಚ್ಚಾಗಿತ್ತು, x ಎಂದರೆ −2 ಎಂದು ಬಿಡಿಸಿದ್ದಳು. ಉತ್ತರಪಟ್ಟಿಯಲ್ಲಿ ಇದ್ದದ್ದು 18. x² = 49 ಎಂಬುದು x2 = 49 ಎಂದು ಇಳಿದಿತ್ತು. x ಮತ್ತು 2ರ ಗುಣಲಬ್ಧ ಇರಬೇಕೆಂದು ತಿಳಿದು, ಎರಡರಿಂದ ಭಾಗಿಸಿ 24.5 ಎಂದು ಬರೆದು, ಕೆಳಗೆ "ಪ್ರಶ್ನೆಯಲ್ಲಿ ಇದ್ದಂತೆ" ಎಂದೂ ಸೇರಿಸಿದ್ದಳು. ಪ್ರತಿಯೊಂದಕ್ಕೂ ಕೆಂಪು ಸೊನ್ನೆ.

"ಟೀಚರ್, ಇದರಲ್ಲಿ ನಾನು ಎಂತ ತಪ್ಪು ಮಾಡಿದ್ದು ಅಂತ ಹೇಳಿ," ಎಂದಳು. "ಶಾಲೆಯಲ್ಲಿ ಕೇಳಿದೆ. ಪುಸ್ತಕದಲ್ಲಿ ಇದ್ದ ಹಾಗೆ ಬರೀಬೇಕಿತ್ತು ಅಂದರು. ಎದುರು ಕೊಟ್ಟದ್ದನ್ನು ಬಿಟ್ಟು ಪುಸ್ತಕದಲ್ಲಿದ್ದದ್ದನ್ನು ಯಾಕೆ ಮಾಡುದು?"

ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತೇನೆ. ಉತ್ತರ ಬರುತ್ತದೆಯೇ? ಯೋಚಿಸಿ ನೋಡಿ. ಆ ಲೆಕ್ಕಗಳು ಪಠ್ಯಪುಸ್ತಕದ ಅಭ್ಯಾಸದಲ್ಲಿ ಇದ್ದವುಗಳೇ. ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು, ಪ್ರಶ್ನೆಯನ್ನು ಸರಿಯಾಗಿ ನೋಡದೆಯೇ 128 ಎಂದು ಗೀಚಿದವನು ಪಾಸಾದ. ಕಣ್ಣಿಗೆ ಕಂಡದ್ದನ್ನು ನಂಬಿ, ತಾಳ್ಮೆಯಿಂದ ಮೂರು ಸಲ ಗುಣಿಸಿ ನೋಡಿದವಳು ಫೇಲು. ಇದು ಗಣಿತದ ಪರೀಕ್ಷೆಯೋ, ಓದದೆ ಬರೆಯುವುದರ ಪರೀಕ್ಷೆಯೋ? ಮುಂದೆ ಈ ಮಕ್ಕಳು ದೊಡ್ಡವರಾಗಿ ಕಚೇರಿಗಳಲ್ಲಿ ಕುಳಿತಾಗ ಎದುರಿನ ಅರ್ಜಿಯನ್ನು ಓದದೆ ಸಹಿ ಹಾಕಲೆಂದು ಈಗಲೇ ತರಬೇತಿ ಕೊಡುವ ಉದ್ದೇಶವಿದ್ದರೆ ಅದನ್ನಾದರೂ ಸುತ್ತೋಲೆಯಲ್ಲಿ ತಿಳಿಸಬಹುದಿತ್ತು.

ನಾನು ಅವರಿಬ್ಬರಿಗೆ ನಡೆದದ್ದನ್ನೆಲ್ಲ ಹೇಳಿದೆ. ತಿರಸ್ಕೃತ ಸ್ಟೆನ್ಸಿಲನ್ನೂ ಒಂಬತ್ತು ಜಾಗಗಳ ಪಟ್ಟಿಯನ್ನೂ ತೋರಿಸಿದೆ. ಗೊತ್ತಿದ್ದೂ ಹೊಡೆದೆ ಎಂಬುದನ್ನೂ ಹೇಳಿದೆ. ಕದೀಜಮ್ಮ ಪ್ರಶ್ನೆಪತ್ರಿಕೆಯನ್ನು ಮತ್ತೆ ಮಡಚಿಟ್ಟರು. ಮಗಳ ಪುಸ್ತಕಗಳಲ್ಲಿ ಇರುವ ಒಂದಕ್ಷರವೂ ತನಗೆ ಬಾರದು, ದುಬಾಯಿಯ ಕಾಗದವನ್ನೂ ಮಗಳೇ ಓದಿ ಹೇಳಬೇಕು ಎಂದರು. ಆಮೇಲೆ ನನ್ನನ್ನು ನೋಡಿ, "ಓದು ಬಾರದ ನಾನು ಮೋಸ ಹೋಗುದು ಸರಿ. ಓದಿದ್ದಕ್ಕೇ ಇವಳು ಮೋಸ ಹೋದರೆ ಹೇಗೆ ಟೀಚರ್?" ಎಂದು ಕೇಳಿದರು. ನನ್ನ ಮೇಲೆ ಒಂದು ಕೆಟ್ಟ ಮಾತು ಆಡಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುವಾರ ನಾವು ಮೂವರೂ ನಿಮ್ಮ ಕಚೇರಿಗೆ ಬಂದೆವು. ಯಜ್ಞೇಶ್ವರ ಮಾಸ್ಟ್ರೂ ಬಂದು ಸೇರಿಕೊಂಡರು. ಪತ್ರಿಕೆ ತಯಾರಿಸಿದ್ದು ತಾನೇ ಎಂದು ಬರೆದುಕೊಟ್ಟು, ತನ್ನ ಹಸ್ತಪ್ರತಿಯಲ್ಲಿ ಇದ್ದದ್ದೇ ಬೇರೆ, ಅಚ್ಚಾದದ್ದೇ ಬೇರೆ ಎಂದು ತಿಳಿಸಿದರು. ಗೌಪ್ಯತೆ ಮುರಿದದ್ದಕ್ಕೆ ಅವರ ಮೇಲೆ ಕ್ರಮ ಕೈಗೊಳ್ಳಬಹುದೆಂದು ತಾವು ಎಚ್ಚರಿಸಿದಿರಿ. ಆಗ ನೆಬೀಸ ಯಾರನ್ನೂ ಕೇಳದೆ ಮುಂದೆ ಹೋಗಿ ತನ್ನ ಉತ್ತರಪತ್ರಿಕೆಯನ್ನು ನಿಮ್ಮ ಎದುರು ಇಟ್ಟಳು.

"ಸರ್, ಇಪ್ಪತ್ತಮೂರು ಇಪ್ಪತ್ನಾಲ್ಕಲಿ ಎಷ್ಟು?"

ಅಲ್ಲಿದ್ದ ನಾಲ್ವರೂ ಇದಕ್ಕೆ ಸಾಕ್ಷಿ. ತಾವು ಸಿಡುಕಿದಿರಿ, ಆದರೂ ಪೆನ್ನು ತೆಗೆದು ಒಂದು ಲಕೋಟೆಯ ಹಿಂಬದಿಯಲ್ಲಿ ಗುಣಿಸಿದಿರಿ. ಐನೂರ ಐವತ್ತೆರಡು ಬಂತು. ತಾವು ಅವಳ ಹಾಳೆಯನ್ನು ನೋಡಿದಿರಿ, ನಿಮ್ಮ ಲಕೋಟೆಯನ್ನು ನೋಡಿದಿರಿ.

"ಲೆಕ್ಕ ಸರಿ," ಎಂದಿರಿ. "ಉತ್ತರ ತಪ್ಪು."

"ಹಾಗಾದರೆ ಪ್ರಶ್ನೆ ಯಾರದ್ದು ಸರ್?" ಎಂದು ಅವಳು ಕೇಳಿದಳು.

ಅದನ್ನು ಟೈಪು ಮಾಡಿದವರನ್ನು ಕೇಳು ಎಂದು ತಾವು ನನ್ನ ಕಡೆ ಕೈ ತೋರಿಸಿದಿರಿ. ನಾನು ಮೊಹರು ಇದ್ದ ಕಾರ್ಬನ್ ಪ್ರತಿಯನ್ನು ಮೇಜಿನ ಮೇಲೆ ಇಟ್ಟೆ. ಮೊಹರು ನಮ್ಮದೇ ಇರಬಹುದು, ಆದರೆ ಈ ಕಾಗದ ಕಡತದಲ್ಲಿ ಇಲ್ಲ, ಕಡತದಲ್ಲಿ ಇಲ್ಲದ್ದನ್ನು ಸಮಿತಿ ಪರಿಗಣಿಸುವುದಿಲ್ಲ ಎಂದು ತಾವು ವಿವರಿಸಿದಿರಿ. ಯಂತ್ರದಲ್ಲಿ ಇಲ್ಲದ ಚಿಹ್ನೆ ಗಣಿತದಲ್ಲಿ ಇಲ್ಲ, ಕಡತದಲ್ಲಿ ಇಲ್ಲದ ಕಾಗದ ಲೋಕದಲ್ಲಿ ಇಲ್ಲ. ಇಷ್ಟು ಸರಳವಾದ ಲೋಕದಲ್ಲಿ ಬದುಕುವ ನಿಮ್ಮ ಮೇಲೆ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು.

ಜೂನ್ ಒಂಬತ್ತರಂದು ನಿಮ್ಮ ಜವಾನ ತ್ಯಾಂಪಣ್ಣ ಒಂದು ಕರಡು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಸಮಿತಿಯ ಯಂತ್ರ ಕೆಟ್ಟಿದೆ, ಇದನ್ನು ಕೂಡಲೇ ಟೈಪು ಮಾಡಿ ಮೂವತ್ತು ಪ್ರತಿ ಬೇಕು ಎಂದು ಕಚೇರಿಯಿಂದ ಕಳಿಸಿದ್ದರಂತೆ. ನಾನು ಓದಿದೆ. ಬೆರಳಚ್ಚುಗಾರ್ತಿಯ ಅಜಾಗರೂಕತೆಯಿಂದ ಉಂಟಾದ ದೋಷ, ಸದರಿಯವರ ಹೆಸರನ್ನು ಸಮಿತಿಯ ಪಟ್ಟಿಯಿಂದ ತೆಗೆದುಹಾಕಲಾಗಿದೆ. ತ್ಯಾಂಪಣ್ಣ ಓದಬಲ್ಲವರು, ದಾರಿಯಲ್ಲಿ ಓದಿಕೊಂಡೇ ಬಂದಿದ್ದರು. ನೆಲ ನೋಡುತ್ತಾ, "ಅಕ್ಕ, ಇದನ್ನು ನಾನು ಬೇರೆ ಕಡೆ ಕೊಡ್ತೇನೆ. ನಿಮ್ಮ ಕೈಯಲ್ಲಿ ಬೇಡ," ಎಂದರು.

ಬೇಡ, ಕೊಡಿ ಎಂದೆ. ಅವರನ್ನು ಬೆಂಚಿನಲ್ಲಿ ಕೂರಿಸಿ, ಚಾ ತರಿಸಿ, ನನ್ನನ್ನು ತೆಗೆದುಹಾಕಿದ ಆದೇಶವನ್ನು ನಾನೇ ಟೈಪು ಮಾಡಿದೆ. ಸಾಲುಗಳು ಸಮವಾಗಿವೆ, ಕೈಬರಹ ಇಲ್ಲ, ಒಂದಕ್ಷರವೂ ತಪ್ಪಿಲ್ಲ. "ಅಜಾಗರೂಕತೆ"ಯನ್ನು ತಾವು ದೀರ್ಘ ಬಿಟ್ಟು "ಅಜಾಗರುಕತೆ" ಎಂದು ಬರೆದಿದ್ದಿರಿ, ಅದನ್ನು ತಿದ್ದಿದ್ದೇನೆ. ಒಬ್ಬ ಅಜಾಗರೂಕ ಹೆಂಗಸಿನಿಂದ ಇದಕ್ಕಿಂತ ಹೆಚ್ಚಿನದನ್ನು ಯಾರು ನಿರೀಕ್ಷಿಸಬಹುದು?

ಆ ಮೂವತ್ತು ಪ್ರತಿಗಳು ಹೋದ ದಾರಿಯಲ್ಲೇ ಈಗ ನನ್ನ ಈ ಪತ್ರವೂ ಹೋಗುತ್ತಿದೆ. ಪುತ್ತೂರು, ಸುಳ್ಯ, ಕಡಬ ಸುತ್ತಿನ ಪ್ರತಿಯೊಂದು ಪ್ರೌಢಶಾಲೆಗೂ ಒಂದೊಂದು ಪ್ರತಿ ಕಳಿಸಿದ್ದೇನೆ. ಇದರಲ್ಲಿ ಕಾಣುವ √, π ಮತ್ತು θ ಎಲ್ಲವೂ ನನ್ನ ಕೈಬರಹ. ಯಾರಿಗಾದರೂ ಗುರುತು ಸಿಕ್ಕಿದರೆ ಸಂತೋಷ.

ಪತ್ರ ಹೊರಡುವ ಮೊದಲೇ ಕೆಲವು ಸಂಗತಿಗಳು ನಡೆದಿವೆ, ಅವನ್ನೂ ತಾವು ತಿಳಿದಿರಬೇಕು. ಯಜ್ಞೇಶ್ವರ ಮಾಸ್ಟ್ರು ನಾಲ್ಕು ಶಾಲೆಗಳ ಗಣಿತ ಅಧ್ಯಾಪಕರನ್ನು ಸೇರಿಸಿಕೊಂಡು, ಪಟ್ಟಿ ಸಮಯಕ್ಕೆ ತಲುಪದ ಕೇಂದ್ರಗಳ ಉತ್ತರಪತ್ರಿಕೆಗಳನ್ನು ಅಚ್ಚಾದ ಪ್ರಶ್ನೆಯ ಪ್ರಕಾರ ಮತ್ತೊಮ್ಮೆ ನೋಡಿದರು. ಹದಿನೇಳು ಮಕ್ಕಳು ಪಾಸಾಗುತ್ತಾರೆ. ನೆಬೀಸಳಿಗೆ ನಲವತ್ತಮೂರು ಬರುತ್ತದೆ. ಆ ಐದು ಪ್ರಶ್ನೆಗಳಲ್ಲಿ ಒಂದನ್ನೂ ಅವಳು ತಪ್ಪು ಮಾಡಿರಲಿಲ್ಲ, ಹದಿನಾಲ್ಕಕ್ಕೆ ಹದಿನಾಲ್ಕು. ಅಧ್ಯಾಪಕರೆಲ್ಲರೂ ಸಹಿ ಹಾಕಿದ ಆ ಪಟ್ಟಿ ಜುಲೈ ಎಂಟರಂದು ನಿಮಗೆ ರಿಜಿಸ್ಟರ್ ಅಂಚೆಯಲ್ಲಿ ತಲುಪಿದೆ. ಈ ಸಲ ಅದು ಕಡತದಲ್ಲಿ ಇಲ್ಲವೆನ್ನಲು ಆಗದು, ಅಂಚೆಯ ಸ್ವೀಕೃತಿ ಕಾರ್ಡು ನನ್ನಲ್ಲಿದೆ. ಅದರ ಮೇಲಿನ ಸಹಿ ತಮ್ಮದು.

ಹದಿನೇಳು ಮಕ್ಕಳಲ್ಲಿ ಆರು ಮಂದಿ ಈಗಾಗಲೇ ಶಾಲೆ ಬಿಟ್ಟಿದ್ದಾರೆ. ಒಬ್ಬ ಗ್ಯಾರೇಜಿಗೆ ಸೇರಿದ, ಇಬ್ಬರು ಹುಡುಗಿಯರು ಬೀಡಿ ಕಟ್ಟುತ್ತಿದ್ದಾರೆ, ಉಳಿದ ಮೂವರು ಎಲ್ಲಿದ್ದಾರೆಂದು ಅವರ ಶಾಲೆಗೂ ಗೊತ್ತಿಲ್ಲ. ಅವರನ್ನು ನಾನು ಹುಡುಕುತ್ತಿದ್ದೇನೆ. ಹತ್ತು ಮಂದಿ ಮತ್ತೆ ಒಂಬತ್ತನೆಯಲ್ಲಿ, ತಮಗಿಂತ ಕಿರಿಯರೊಂದಿಗೆ, ತಾವು ಬಿಡಿಸಬಲ್ಲ ಲೆಕ್ಕಗಳನ್ನೇ ಬಿಡಿಸುತ್ತಾ ಕೂತಿದ್ದಾರೆ. ಅವರ ತಂದೆತಾಯಂದಿರಲ್ಲಿ ಎಷ್ಟೋ ಮಂದಿ ಮಗ ದಡ್ಡ, ಮಗಳು ದಡ್ಡಿ ಎಂದು ನಂಬಿದ್ದಾರೆ. ನಾನು ಹೋಗಿ ವಿಷಯ ಹೇಳಿದಾಗ ಸುಳ್ಯದ ಒಬ್ಬ ತಂದೆ ಎದ್ದು ಒಳಗೆ ಹೋದರು. ಫಲಿತಾಂಶ ಬಂದ ದಿನ ಅವರು ಮಗನಿಗೆ ಹೊಡೆದಿದ್ದರಂತೆ. ಆ ಪೆಟ್ಟನ್ನು ಯಾವ ತಿದ್ದುಪಡಿಯ ಆದೇಶದಿಂದ ವಾಪಸು ಪಡೆಯುತ್ತೀರಿ?

ಹದಿನೇಳನೆಯವಳು ನೆಬೀಸ. ಅವಳು ಮತ್ತೆ ಒಂಬತ್ತನೆಯಲ್ಲಿ ಕೂರಲು ಒಪ್ಪಲಿಲ್ಲ. ಶಾಲೆ ಬಿಡಲೂ ಒಪ್ಪಲಿಲ್ಲ. ಶಾಲೆ ಶುರುವಾದ ಮೊದಲ ದಿನ ಅವಳು ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕೂತಳು. ಹೆಡ್ಮಾಸ್ಟ್ರು ಕರೆದು ಕೇಳಿದಾಗ ಅಚ್ಚಾದ ಪ್ರಶ್ನೆಯೇ ತಪ್ಪೆಂದು ಯಜ್ಞೇಶ್ವರ ಮಾಸ್ಟ್ರು ಬರೆದುಕೊಟ್ಟಿದ್ದ ಕಾಗದವನ್ನು ಕೊಟ್ಟಳಂತೆ. ಹೆಡ್ಮಾಸ್ಟ್ರು ಓದಿ, ಹೊರಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ, ಪುಸ್ತಕದಲ್ಲಿ ಬರೆಯಲು ಅಧಿಕಾರ ಇಲ್ಲ ಎಂದರು. ಹಾಗಾಗಿ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಕಳೆದ ಸೋಮವಾರ ನಾನೇ ಆ ಶಾಲೆಗೆ ಹೋಗಿ ತರಗತಿಯ ಹೊರಗೆ ನಿಂತು ನೋಡಿದೆ. ಅಧ್ಯಾಪಕರು ನಲವತ್ತೆರಡು ಹೆಸರು ಕರೆದು ಪುಸ್ತಕ ಮುಚ್ಚಿದರು. ಆಗ ಹಿಂದಿನ ಬೆಂಚಿನಿಂದ ಅವಳು ಎದ್ದು ನಿಂತಳು. "ನೆಬೀಸ, ಹಾಜರ್ ಸರ್," ಎಂದು ತಾನೇ ಹೇಳಿ ಕೂತಳು. ಜೂನಿನಿಂದ ಪ್ರತಿದಿನ ಹೀಗೆಯೇ ನಡೆಯುತ್ತಿದೆಯಂತೆ. ಯಾರೂ ನಗುವುದಿಲ್ಲ. ಅಧ್ಯಾಪಕರು ಅವಳು ಕೂರುವವರೆಗೆ ಕಾದು ಪಾಠ ಶುರು ಮಾಡುತ್ತಾರೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವವರ ಪಟ್ಟಿ ಈ ತಿಂಗಳ ಮೂವತ್ತೊಂದರಂದು ಶಾಲೆಯಿಂದ ಹೋಗಬೇಕು. ಅದರೊಳಗೆ ತಾವು ಹದಿನೇಳು ಮಕ್ಕಳ ಅಂಕಗಳನ್ನು ಅಚ್ಚಾದ ಪ್ರಶ್ನೆಯ ಪ್ರಕಾರ ತಿದ್ದಬೇಕು. ಅವರ ಪ್ರತಿಯೊಬ್ಬರ ಮನೆಗೂ, ತಪ್ಪು ನಿಮ್ಮ ಮಗುವಿನದಲ್ಲ ಎಂದು ಕಾಗದ ಹೋಗಬೇಕು. ಯಂತ್ರದಲ್ಲಿ ಇಲ್ಲದ ಚಿಹ್ನೆಯನ್ನು ಕೈಯಲ್ಲಿ ಬರೆಯಬಹುದೆಂದು ಸುತ್ತೋಲೆ ತಿದ್ದಬೇಕು. ನನ್ನ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿ ಎಂದು ನಾನು ಕೇಳುವುದಿಲ್ಲ. ಗೊತ್ತಿದ್ದೂ ಹೊಡೆದವಳಿಗೆ ಅಷ್ಟು ಶಿಕ್ಷೆ ಸಲ್ಲುತ್ತದೆ. ನಿಮಗೆ ಸಲ್ಲುವುದನ್ನು ತಾವೇ ಯೋಚಿಸಿ.

ಸೆಪ್ಟೆಂಬರ್ ಒಂದರ ಬೆಳಗ್ಗೆ ನಾನು ಮತ್ತೆ ಆ ತರಗತಿಯ ಹೊರಗೆ ನಿಂತಿರುತ್ತೇನೆ. ನಲವತ್ತಮೂರನೆಯ ಹೆಸರನ್ನು ಅಧ್ಯಾಪಕರು ಕರೆಯಬೇಕು. ಕರೆಯದಿದ್ದರೆ ಅಲ್ಲಿಂದ ನಾನು ನೇರ ನಿಮ್ಮ ಕಚೇರಿಗೆ ಬರುತ್ತೇನೆ, ಈ ಸಲ ನಾಲ್ವರೇ ಅಲ್ಲ, ಹದಿನೇಳು ಮನೆಯವರೂ ಬರುತ್ತಾರೆ. ಎಲ್ಲರಿಗೂ ಕುರ್ಚಿ ಇಡಿಸಿ.

ಇಂತಿ,
ತಡವಾಗಿ ಧೈರ್ಯ ಬಂದ,
ಒಂಬತ್ತು ಜಾಗಗಳ ತಪ್ಪನ್ನು ಹೊತ್ತಿರುವ,
ದಮಯಂತಿ
ಟೈಪಿಂಗ್ ಕಲಿಸುವವಳು, ಪುತ್ತೂರು